ಸಂಭೂಯಸಮುತ್ಥಾನವೂ ಕುದುರೆಮುಖದ ಅದಿರೂ

ಹಲವರು ತಮ್ಮ ತಮ್ಮ ಧನವನ್ನು ಕೂಡಿಸಿ ಒಂದು ವ್ಯಾಪಾರವನ್ನು ನಡೆಯಿಸುವುದಕ್ಕೆ ಧರ್ಮಶಾಸ್ತ್ರಕಾರರು ಸಂಭೂಯಸಮುತ್ಥಾನವೆಂದು ಹೆಸರಿಟ್ಟು, ಅದನ್ನು ಹದಿನೆಂಟು ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಲಾಭನಷ್ಟಗಳು ಹಾಕಿದ ದ್ರವ್ಯಕ್ಕೆ ಅನುಸಾರವಾಗಿ, ಇಲ್ಲವೆ ಮೊದಲೇ ಮಾಡಿಕೊಂಡ ಸಂವಿದದಂತೆ ಹಂಚಿಕೆಯಾಗಬೇಕು. ವಂಚಕನಾದ ಪಾಲುಗಾರನನ್ನು ಲಾಭ ಕೊಡದೆ ಹೊರಡಿಸಬೇಕು. ಅಶಕ್ತನಾದವನು ತನ್ನ ಕೆಲಸವನ್ನು ಮತ್ತೊಬ್ಬನಿಂದ ಮಾಡಿಸಬೇಕು ಎಂಬುದು ಯಾಜ್ಞವಲ್ಕ್ಯನ ಮತ. ಆ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನಾದುದರಿಂದ ಈ ವಿಚಾರವು ಕನ್ನಡನಾಡಿಗೆ ಹೊರಗಿನದಲ್ಲ. ಲಿಥಿಯಂ ಬ್ಯಾಟರಿಯ ಮೂಲದ್ರವ್ಯಗಳನ್ನು ಸ್ವದೇಶದಲ್ಲಿಯೇ ಸಿದ್ಧಪಡಿಸುವ ಉದ್ದೇಶದಿಂದ ಈಗ ಏರ್ಪಡುತ್ತಿರುವ ಸಹಭಾಗಿತ್ವಗಳನ್ನು ಪರೀಕ್ಷಿಸುವವರು, ಮಂಗಳೂರಿನಲ್ಲಿ ನಡೆದ ಒಂದು ಖನಿಜವ್ಯವಹಾರವನ್ನು ಈ ಲಕ್ಷಣದಿಂದ ಮೊದಲು ನೋಡತಕ್ಕುದು.

ಕುದುರೆಮುಖದ ಕಬ್ಬಿಣದ ಅದಿರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು 1913ರಲ್ಲಿಯೇ ಗುರುತಿಸಿದ್ದರು. ಅದು ಸತ್ತ್ವ ಕಡಮೆಯಾದ ಮ್ಯಾಗ್ನೆಟೈಟ್ ಆದುದರಿಂದ, ಅರೆದು ಶೋಧಿಸದೆ ಮಾರುವಂತಿರಲಿಲ್ಲ. ಆ ಕಾರ್ಯಕ್ಕೆ ಬೇಕಾದ ಬಂಡವಾಳವು ಅರುವತ್ತು ವರ್ಷಗಳ ತರುವಾಯ ಇರಾನಿನಿಂದ ಒದಗಿತು. 1975ರ ನವಂಬರಿನಲ್ಲಿ ಆದ ಒಪ್ಪಂದದಂತೆ ಇರಾನು 63 ಕೋಟಿ ಡಾಲರುಗಳನ್ನು ಸಾಲವಾಗಿ ಕೊಡತಕ್ಕುದು. ಭಾರತವು 21 ವರ್ಷಗಳಲ್ಲಿ 15 ಕೋಟಿ ಟನ್ನು ಶೋಧಿತ ಅದಿರನ್ನು ಒಪ್ಪಿಸತಕ್ಕುದು. 1976ರ ಏಪ್ರಿಲಿನಲ್ಲಿ ಕಂಪೆನಿಯು ಸ್ಥಾಪಿತವಾಯಿತು. ಘಟ್ಟದ ಮೇಲೆ ಅರೆದ ಅದಿರನ್ನು ನೀರಿನೊಡನೆ ಬೆರಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಸಿ, 1974ರಲ್ಲಿ ಮಹಾಬಂದರೆನಿಸಿದ ನವಮಂಗಳೂರು ಬಂದರಿನಿಂದ ಹಡಗಿಗೇರಿಸುವುದು ಯೋಜನೆ. ಅಷ್ಟರಲ್ಲಿ 1979ರ ಕ್ರಾಂತಿಯಿಂದ ಷಹನ ರಾಜ್ಯವು ಬಿದ್ದಿತು. ಇರಾನಿನಿಂದ ಬಂದದ್ದು 25.5 ಕೋಟಿ ಡಾಲರು ಮಾತ್ರ. ಉಳಿದುದನ್ನು ಭಾರತ ಸರಕಾರವೇ ಹಾಕಿ 1980ರಲ್ಲಿ ಕೆಲಸವನ್ನು ಮುಗಿಯಿಸಿತು. ಅದಿರು ಸಿದ್ಧವಾಯಿತು, ಕೊಳ್ಳುವವನಿಲ್ಲ!

ಇದನ್ನು ಜನರು ಸಹಭಾಗಿತ್ವವೆಂದು ಕರೆದರೂ, ಶಾಸ್ತ್ರದೃಷ್ಟಿಯಿಂದ ಇದು ಋಣಾದಾನವೂ ಕ್ರಯವಿಕ್ರಯವೂ ಕೂಡಿದ ವ್ಯವಹಾರವೇ ಹೊರತು ಸಂಭೂಯಸಮುತ್ಥಾನವಲ್ಲ. ಧನಿಕನೇ ಕ್ರೇತೃವೂ ಆಗಿದ್ದನು. ಕಾರ್ಯದ ನಷ್ಟದಲ್ಲಿ ಅವನಿಗೆ ಅಂಶವಿರಲಿಲ್ಲ. ಒಬ್ಬನು ತಪ್ಪಿದೊಡನೆ ಸಾಲವೂ ಮಾರುಕಟ್ಟೆಯೂ ಒಟ್ಟಿಗೆ ತಪ್ಪಿದುದು ಇದರಿಂದಲೇ. ಇರಾನಿನ ದುರ್ದೆಸೆಯನ್ನು ಮಾತ್ರ ಕಾರಣವಾಗಿ ಹೇಳುವುದು ಅರ್ಧಸತ್ಯ.

ಮುಂದೆ ಪಣಂಬೂರಿನಲ್ಲಿ ಅದಿರನ್ನು ಉಂಡೆಗಟ್ಟಿ ಸುಡುವ ಕಾರ್ಖಾನೆಯು 1987ರಲ್ಲಿ ನಡೆಯತೊಡಗಿ, ಬೇರೆ ದೇಶಗಳ ಗಿರಾಕಿಗಳು ದೊರೆತರು. ಕಾಡಿನ ರಕ್ಷಣೆಗಾಗಿ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಯಲ್ಲಿ ಗಣಿಯು ನಿಂತಿತು. ಕಾರ್ಖಾನೆಗೆ ಬಳ್ಳಾರಿ ಸೀಮೆಯ, ಆಮೇಲೆ ಛತ್ತೀಸಗಢದ ಹೆಮಟೈಟನ್ನು ತರಿಸಬೇಕಾಯಿತು. ಮ್ಯಾಗ್ನೆಟೈಟು ಸುಡುವಾಗ ತಾನೇ ಶಾಖವನ್ನು ಕೊಡುತ್ತದೆ, ಹೆಮಟೈಟು ಕೊಡುವುದಿಲ್ಲ. ಆದುದರಿಂದ ಇಂಧನದ ಲೆಕ್ಕವೂ ಬದಲಾಯಿತು. ಪರದೇಶಕ್ಕೆ ಅದಿರನ್ನು ಕಳುಹಿಸಲು ಹುಟ್ಟಿದ ಸ್ಥಳವು ಹೀಗೆ ಪರಸ್ಥಳದ ಅದಿರಿನಿಂದ ಬದುಕುವಂತಾಯಿತು.

ಲಿಥಿಯಂ ವಿಷಯದಲ್ಲಿ ಈ ಸ್ಥಿತಿಯು ಆರಂಭದಲ್ಲಿಯೇ ಇದೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲ ಅಲ್ಲಾಪಟ್ಟಣಗಳ ಶಿಲೆಗಳಲ್ಲಿ ಅಂದಾಜಾಗಿ 1,600 ಟನ್ನು ಇದೆಯೆಂದು 2021ರಲ್ಲಿ ಸರಕಾರವು ಪ್ರಕಟಿಸಿತು, ಇದು ಅತ್ಯಲ್ಪ. ಹೊರದೇಶದ ಖನಿಜಗಳಿಗಾಗಿ 2019ರಲ್ಲಿ ಮೂರು ಸರಕಾರಿ ಸಂಸ್ಥೆಗಳು 40, 30, 30ರ ಅಂಶಗಳಲ್ಲಿ ಕೂಡಿ ಖನಿಜ್ ಬಿದೇಶ್ ಇಂಡಿಯಾವನ್ನು ಸ್ಥಾಪಿಸಿದುವು. ಇದು ನಿಜವಾದ ಸಂಭೂಯಸಮುತ್ಥಾನ. ಈ ಸಂಸ್ಥೆಯು 2024ರ ಜನವರಿಯಲ್ಲಿ ಅರ್ಜೆಂಟೈನಾದ ಕಟಮಾರ್ಕ ಪ್ರಾಂತದ ಸರಕಾರಿ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಐದು ಕ್ಷೇತ್ರಗಳಲ್ಲಿ, ಒಟ್ಟು 15,703 ಹೆಕ್ಟೇರು ನೆಲದಲ್ಲಿ, ಉಪ್ಪುನೀರಿನೊಳಗಿನ ಲಿಥಿಯಮನ್ನು ಅರಸುವ ಹಕ್ಕನ್ನು ಪಡೆದಿದೆ. ಆದರೆ ನೆಲದಿಂದೆತ್ತಿದ ಲಿಥಿಯಮನ್ನು ಶುದ್ಧಲವಣವಾಗಿ ಮಾಡಿ, ಅದರಿಂದ ಬ್ಯಾಟರಿಯ ಧನಧ್ರುವದ ಪುಡಿಯನ್ನು ತಯಾರಿಸುವ ನಡುವಣ ಕೆಲಸಗಳಿಗೆ ಬೇರೆ ಪಾಲುಗಾರರೇ ಬೇಕು. ಅವರು ಅಂಶಿಗಳೋ, ಧನಿಕರೋ, ಕೇವಲ ಕ್ರೇತೃಗಳೋ ಎಂಬುದನ್ನು ಕರಾರುಗಳಲ್ಲಿ ಮೊದಲೇ ಬಿಡಿಸಿ ಬರೆಯಬೇಕಾಗಿದೆ. ಕುದುರೆಮುಖದ ಕರಾರಿನಲ್ಲಿ ಧನಿಕನೂ ಕ್ರೇತೃವೂ ಒಬ್ಬನೇ ಆಗಿದ್ದನಷ್ಟೆ.