ದಾರಿ ತೆರೆದ ವೀರ ಮೇಜರ್ ರಾಣೆ

ನಮ್ಮ ಕಾಗಾಲದ ಉತ್ತರಕ್ಕಿರುವ ಕಾರವಾರದ ಕಡಲತೀರದಲ್ಲಿ 2006ರಲ್ಲಿ ಪ್ರತಿಮೆಯೊಂದನ್ನು ಸ್ಥಾಪಿಸಲಾಯಿತು. ಅದು ಚೆಂಡಿಯಾ ಮೂಲದ ಮೇಜರ್ ರಾಮ ರಾಘೋಬಾ ರಾಣೆಯವರದು.

1948ರ ಏಪ್ರಿಲ್‌ನಲ್ಲಿ ನಮ್ಮ ಟ್ಯಾಂಕುಗಳು ನೌಶೇರಾದಿಂದ ರಜೌರಿಗೆ ಸಾಗಬೇಕಿತ್ತು. ವೈರಿಗಳು ದಾರಿಯಲ್ಲಿ ನೆಲಬಾಂಬುಗಳನ್ನು ಹುಗಿದು, ಮರಗಳನ್ನು ಕೆಡವಿದ್ದರು. ಬಾಂಬೆ ಸ್ಯಾಪರ್ಸ್ ದಳದ ಸೆಕೆಂಡ್ ಲೆಫ್ಟಿನೆಂಟ್ ರಾಣೆ ಮೊದಲ ದಿನವೇ ಗಾಯಗೊಂಡರೂ ಹಿಂದಿರುಗಲಿಲ್ಲ. ಗುಂಡುಗಳ ನಡುವೆಯೇ ದಿನಗಟ್ಟಲೆ ದುಡಿದು ಮಾರ್ಗ ತೆರವುಗೊಳಿಸಿದರು. ಏಪ್ರಿಲ್ 12ರಂದು ರಜೌರಿ ನಮ್ಮ ಸೇನೆಯ ವಶವಾಯಿತು.

ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರಲ್ಲಿ ಅವರೇ ಮೊದಲಿಗರು. 1968ರಲ್ಲಿ ನಿವೃತ್ತರಾದರು; 1994ರಲ್ಲಿ ಪುಣೆಯಲ್ಲಿ ನಿಧನರಾದರು.

ಯುದ್ಧವೆಂದರೆ ಕೊಲ್ಲುವುದಷ್ಟೇ ಎಂದು ತಿಳಿದಿದ್ದ ಮಕ್ಕಳಿಗೆ ನಾನು ಈ ಚರಿತ್ರೆಯನ್ನೇ ಹೇಳುತ್ತಿದ್ದೆ. ಹಿಂದೆ ಬರುವವರು ಬದುಕಲೆಂದು ತಾನು ಮುಂದೆ ಹೋಗಿ ನೆಲ ಶೋಧಿಸುವುದೂ ಶೌರ್ಯವೇ. ಆ ಹಿರಿಯ ಚೇತನಕ್ಕೆ ನನ್ನ ನಮನ.