ಭಾಷಣ ಕಟ್ಟುವ ವಿದ್ಯೆ: ಸಿರಕ್ಯೂಸಿನಿಂದ ಸಂವಿಧಾನ ಸಭೆಯವರೆಗೆ

ಭಾಷಣಕ್ಕೂ ಒಂದು ಕಟ್ಟು ಬೇಕು ಎಂಬ ಅರಿವು ಹುಟ್ಟಿದ್ದು ಜಮೀನು ವ್ಯಾಜ್ಯಗಳಲ್ಲಿ. ಕ್ರಿ.ಪೂ. ಐದನೆಯ ಶತಮಾನದಲ್ಲಿ ಸಿಸಿಲಿಯ ಸಿರಕ್ಯೂಸಿನಲ್ಲಿ ಸರ್ವಾಧಿಕಾರ ಕುಸಿದಾಗ, ಕಳೆದುಕೊಂಡ ಆಸ್ತಿಗಾಗಿ ಜನ ನ್ಯಾಯಸಭೆಯ ಮೆಟ್ಟಿಲು ಹತ್ತಿದರು. ತಮ್ಮ ವಾದವನ್ನು ತಾವೇ ಮಂಡಿಸಬೇಕಿದ್ದ ಅವರಿಗೆ ಕೊರಾಕ್ಸ್ ಮತ್ತು ಟಿಸಿಯಾಸ್ ಎಂಬಿಬ್ಬರು ಪೀಠಿಕೆ, ವಾದ, ಮುಕ್ತಾಯ ಎಂದು ಮಾತನ್ನು ವಿಂಗಡಿಸಿ ಕಲಿಸಿದರೆಂಬುದು ಪರಂಪರೆಯ ಮಾತು. ಮುಂದೆ ಬಂದ ಗುರುಗಳು ಭಾಗಗಳನ್ನು ಹೆಚ್ಚಿಸುತ್ತಲೇ ಹೋದರು. ಅರಿಸ್ಟಾಟಲ್ ಅದಕ್ಕೆ ತಡೆ ಹಾಕಿದ: ವಿಷಯ ಹೇಳುವುದು, ಅದನ್ನು ಸಾಧಿಸುವುದು, ಅನಿವಾರ್ಯವಾದ ಭಾಗಗಳು ಇವೆರಡೇ. ಭಾಷಣ ಬರೆಯಲು ಕೂತವರಿಗೆ ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ರೋಮನ್ನರು ಈ ವಿದ್ಯೆಯನ್ನು ಐದು ಕೆಲಸಗಳಾಗಿ ವಿಂಗಡಿಸಿದರು. ವಿಷಯ ಹುಡುಕುವುದು, ಜೋಡಿಸುವುದು, ತಕ್ಕ ನುಡಿ ಕೊಡುವುದು, ನೆನಪಿಡುವುದು, ಆಡಿ ತೋರಿಸುವುದು. ಪರಿಚಿತ ಮನೆಯೊಂದರ ಕೋಣೆ ಕೋಣೆಯಲ್ಲಿ ಮಾತಿನ ಒಂದೊಂದು ಅಂಶವನ್ನು ಇಟ್ಟಂತೆ ಕಲ್ಪಿಸಿಕೊಂಡು, ಮಾತಾಡುವಾಗ ಆ ಮನೆಯಲ್ಲಿ ಮನಸ್ಸಿನಲ್ಲೇ ನಡೆದುಹೋಗುವ ಉಪಾಯವೂ ಅವರದೇ ಪುಸ್ತಕಗಳಲ್ಲಿದೆ. ಆದರೆ ಅಲ್ಲಿ ನೆನಪೆಂದರೆ ಭಾಷಣಕಾರನ ನೆನಪು. ಕೇಳುಗನಿಗೆ ಏನು ಉಳಿಯಿತು ಎಂಬ ಪ್ರಶ್ನೆ ಈ ವಿದ್ಯೆಯ ನಡುವಿಗೆ ಬರಲು ಬಹಳ ಕಾಲ ಹಿಡಿಯಿತು.

ಹದಿನಾರನೆಯ ಶತಮಾನದಲ್ಲಿ ಪ್ಯಾರಿಸಿನ ಪೆಟ್ರಸ್ ರಾಮಸ್ ಹುಡುಕುವ, ಜೋಡಿಸುವ ಕೆಲಸಗಳನ್ನು ತರ್ಕಶಾಸ್ತ್ರಕ್ಕೆ ಒಪ್ಪಿಸಿಬಿಟ್ಟ. ವಾಗ್ಮಿತೆಗೆ ಉಳಿದದ್ದು ಅಲಂಕಾರ ಮತ್ತು ಹಾವಭಾವ. ಈ ವಿದ್ಯೆಗೆ ಆದ ದೊಡ್ಡ ನಷ್ಟ ಇದೇ. ಭಾಷಣವೆಂದರೆ ಬಣ್ಣದ ಮಾತು ಎಂಬ ಕೆಟ್ಟ ಹೆಸರು ಗಟ್ಟಿಯಾದದ್ದರಲ್ಲಿ ಇದರ ಪಾಲು ದೊಡ್ಡದು.

1863ರ ನವೆಂಬರ್ 19ರಂದು ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ ಎರಡು ಬಗೆಯ ಭಾಷಣಗಳು ಒಂದೇ ವೇದಿಕೆಯಲ್ಲಿ ಎದುರಾದವು. ಅಂದಿನ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್, ಹಳೆಯ ಶಾಸ್ತ್ರದಲ್ಲಿ ಪಳಗಿದವರು. ಸುಮಾರು ಎರಡು ಗಂಟೆ ಮಾತಾಡಿದರು. ಬಳಿಕ ಎದ್ದ ಲಿಂಕನ್ ಎರಡೇ ನಿಮಿಷಗಳಲ್ಲಿ, ಸುಮಾರು 270 ಪದಗಳಲ್ಲಿ ಮಾತು ಮುಗಿಸಿದರು. ಅದರ ಕಟ್ಟು ಗಮನಿಸಿ. ಮೊದಲು ದೇಶ ಹುಟ್ಟಿದ ಗಳಿಗೆ, ಆಮೇಲೆ ಕಾಲಕೆಳಗಿನ ಯುದ್ಧಭೂಮಿ, ಕೊನೆಗೆ ಬದುಕಿರುವವರು ಮಾಡಬೇಕಾದ ಕೆಲಸ. ನಿನ್ನೆ, ಇಂದು, ನಾಳೆ ಎಂಬ ಈ ದಾರಿಯಲ್ಲಿ ಯಾವ ಕೇಳುಗನೂ ತಪ್ಪಿಹೋಗುವುದಿಲ್ಲ. ತಾನು ಎರಡು ಗಂಟೆಯಲ್ಲಿ ಮುಟ್ಟಲಾಗದ ತಿರುಳನ್ನು ನೀವು ಎರಡು ನಿಮಿಷದಲ್ಲಿ ಮುಟ್ಟಿದಿರಿ ಎಂಬರ್ಥದ ಪತ್ರವನ್ನು ಮರುದಿನವೇ ಎವರೆಟ್ ಲಿಂಕನ್ನರಿಗೆ ಬರೆದರು. ಎಂಥ ದೊಡ್ಡ ಮನಸ್ಸು!

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಂಶೋಧಕರ ಕೈಗೆ ಧ್ವನಿಮುದ್ರಣ ಬಂತು. ಬ್ರಿಟನ್ನಿನ ಮ್ಯಾಕ್ಸ್ ಅಟ್ಕಿನ್‌ಸನ್ ರಾಜಕಾರಣಿಗಳ ಭಾಷಣಗಳನ್ನು ಮತ್ತೆ ಮತ್ತೆ ಕೇಳಿ, 1984ರ ತಮ್ಮ ಪುಸ್ತಕದಲ್ಲಿ ಚಪ್ಪಾಳೆ ಎಲ್ಲಿ ಬೀಳುತ್ತದೆ ಎಂದು ತೋರಿಸಿದರು. ಮೂರರ ಪಟ್ಟಿ ಮತ್ತು ಎದುರುಬದುರು ನಿಲ್ಲಿಸಿದ ಎರಡು ಮಾತುಗಳು ಅದರಲ್ಲಿ ಮುಖ್ಯ. ವಾಕ್ಯ ಎಲ್ಲಿ ಮುಗಿಯುತ್ತದೆ ಎಂದು ಸಭೆಗೆ ಮೊದಲೇ ಗೊತ್ತಾಗುತ್ತದೆ, ಕೈಗಳು ಸಿದ್ಧವಾಗುತ್ತವೆ. 1986ರಲ್ಲಿ ಹೆರಿಟೇಜ್ ಮತ್ತು ಗ್ರೇಟ್‌ಬ್ಯಾಚ್ 476 ಭಾಷಣಗಳನ್ನು ಪರಿಶೀಲಿಸಿ ಇದನ್ನು ಬಲಪಡಿಸಿದರು. ಅಮೂಲ್ಯ ಕೆಲಸವೇ ಸರಿ. ಆದರೂ ಚಪ್ಪಾಳೆ ಅಳೆದರೆ ನೆನಪನ್ನು ಅಳೆದಂತಾಗುವುದಿಲ್ಲ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಮಾಡಿದ ಭಾಷಣದಲ್ಲೂ ಇವೇ ಉಪಕರಣಗಳಿವೆ. ಎಚ್ಚರಿಕೆಗಳು ಮೂರು: ಸಂವಿಧಾನಬಾಹಿರ ಮಾರ್ಗಗಳನ್ನು ಬಿಡಬೇಕು, ವ್ಯಕ್ತಿಪೂಜೆ ಕೂಡದು, ಬರಿಯ ರಾಜಕೀಯ ಪ್ರಜಾಪ್ರಭುತ್ವಕ್ಕೆ ತೃಪ್ತರಾಗಕೂಡದು. ಜನವರಿ 26ರಿಂದ ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯವೂ ಅಲ್ಲಿ ಎದುರುಬದುರು ನಿಂತಿದೆ. ಆದರೆ ಅದು ಚಪ್ಪಾಳೆಗೆ ಹೊಸೆದದ್ದಲ್ಲ, ದೇಶದ ಸ್ಥಿತಿಯೇ ಹಾಗೆ ಇಬ್ಭಾಗವಾಗಿತ್ತು. ಕಟ್ಟು ವಿಷಯದ ಒಳಗಿನಿಂದಲೇ ಬಂದದ್ದರಿಂದ ಆ ಮಾತು ಇಂದಿಗೂ ಮತ್ತೆ ಮತ್ತೆ ಉಲ್ಲೇಖವಾಗುತ್ತಿದೆ.

ಭಾಷಣ ಸ್ಪರ್ಧೆಗೆ ಮಕ್ಕಳನ್ನು ಸಿದ್ಧಪಡಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಸೂಕ್ತಿಗಳನ್ನು ಉರು ಹೊಡೆಸುವ ಬದಲು ಈ ಭಾಷಣವನ್ನು ಪೂರ್ತಿಯಾಗಿ ಓದಿಸಿ. ಒಂದೊಂದು ಪ್ಯಾರಾ ಏನು ಕೆಲಸ ಮಾಡುತ್ತಿದೆ ಎಂದು ಪಕ್ಕದಲ್ಲಿ ಅವರಿಂದಲೇ ಬರೆಸಿ.