ಹಾಡುವವರ ಸಂಘ, ಹಾಡುವ ಹಕ್ಕು

ಪುಷ್ಯ ಬಹುಳ ಪಂಚಮಿಯಂದು ತ್ಯಾಗರಾಜರ ಆರಾಧನೆ ನಡೆಯದ ಹಳೆಯ ಬಡಾವಣೆ ಬೆಂಗಳೂರಿನಲ್ಲಿ ವಿರಳ. ಮಲ್ಲೇಶ್ವರದ ಸಂಪಿಗೆ ರಸ್ತೆಯ ಆಸುಪಾಸಿನಲ್ಲಿ ಬಾಳಿದ ನನ್ನಂಥವರಿಗೆ ಗಂಡಸರೂ ಹೆಂಗಸರೂ ಒಟ್ಟಿಗೆ ಕುಳಿತು ಪಂಚರತ್ನ ಕೃತಿಗಳನ್ನು ಹಾಡುವುದು ತೀರ ಸಹಜವಾದ ನೋಟ. ಆದರೆ ನೂರು ವರ್ಷಗಳ ಹಿಂದೆ ತಿರುವೈಯಾರಿನಲ್ಲಿಯೇ, ತ್ಯಾಗರಾಜರ ಸಮಾಧಿಯ ಎದುರಿನಲ್ಲೇ, ಹೆಂಗಸರಿಗೆ ಹಾಡುವ ಅವಕಾಶವಿರಲಿಲ್ಲ. ಅದನ್ನು ಗಳಿಸಿಕೊಟ್ಟವರು ನಮ್ಮ ಊರಿನ ಹೆಸರನ್ನೇ ಹೊತ್ತಿದ್ದ ಬೆಂಗಳೂರು ನಾಗರತ್ನಮ್ಮನವರು. ಅವರ ತ್ಯಾಗರಾಜಭಕ್ತಿಯನ್ನು ನಾವು ನೆನೆಯುತ್ತೇವೆ. ಅವರು ತಮ್ಮ ವೃತ್ತಿಯವರ ಸಂಘವೊಂದರ ಮುಂದಾಳಾಗಿದ್ದರೆಂಬುದನ್ನು ಮಾತ್ರ ಮರೆತಿದ್ದೇವೆ.

ಸಂಗೀತಗಾರರಿಗೂ ಒಂದು ಸಂಘವೇ ಎಂದು ಹುಬ್ಬೇರಿಸುವವರುಂಟು. ಇಂಗ್ಲೆಂಡಿನಲ್ಲಿ 1893ರಲ್ಲಿಯೇ ಮ್ಯಾಂಚೆಸ್ಟರಿನ ಜೋಸೆಫ್ ವಿಲಿಯಮ್ಸ್ ಎಂಬ ಕ್ಲಾರಿನೆಟ್ ವಾದಕ ನಾಟಕಶಾಲೆಗಳ ವಾದ್ಯಗಾರರನ್ನು ಕೂಡಿಸಿ ಸಂಘ ಕಟ್ಟಿದ. ಅಮೆರಿಕದ ಸಂಗೀತಗಾರರ ಒಕ್ಕೂಟ 1896ರಲ್ಲಿ ಹುಟ್ಟಿತು. ಮುಂದೆ ಅದರ ಅಧ್ಯಕ್ಷನಾದ ಜೇಮ್ಸ್ ಪೆಟ್ರಿಲೊ, ತಾನೂ ತುತೂರಿ ಊದಿ ಬದುಕಿದವನು, 1942ರ ಆಗಸ್ಟಿನಿಂದ ಧ್ವನಿಮುದ್ರಣವನ್ನೇ ನಿಲ್ಲಿಸಿ, 1944ರ ಹೊತ್ತಿಗೆ ದೊಡ್ಡ ದೊಡ್ಡ ಗ್ರಾಮಾಫೋನ್ ಕಂಪನಿಗಳನ್ನು ಮಣಿಸಿದ. ಅವರದು ಸಂಭಾವನೆಯ ಜಗಳ. ನಾಗರತ್ನಮ್ಮನವರ ಜಗಳ ಅದಕ್ಕೂ ಒಂದು ಹೆಜ್ಜೆ ಹಿಂದಿನದು. ಹಾಡಿ ಬದುಕುವ ಹೆಂಗಸು ಯಾರು, ಅವಳ ಬಗೆಗೆ ಮಾತನಾಡುವ ಅಧಿಕಾರ ಯಾರದು ಎಂಬುದೇ ಅಲ್ಲಿನ ಪ್ರಶ್ನೆ.

ಅವರು ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಕುಲದವರು. ಮೈಸೂರು, ಬೆಂಗಳೂರುಗಳಲ್ಲಿ ಸಂಸ್ಕೃತ, ಸಂಗೀತ, ನೃತ್ಯಗಳನ್ನು ಕಲಿತು ಹೆಸರು ಮಾಡಿ, ಬಳಿಕ ಮದರಾಸಿಗೆ ಹೋಗಿ ನೆಲೆಸಿದರು. ಅಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಇವರೇ ಎನ್ನುತ್ತಾರೆ. ಅಂದರೆ ಹಾಡು ಅವರಿಗೆ ಹೊತ್ತು ಕಳೆಯುವ ವಿನೋದವಾಗಿರಲಿಲ್ಲ, ದುಡಿಮೆಯಾಗಿತ್ತು. 1910ರಲ್ಲಿ ಮುದ್ದುಪಳನಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'ವನ್ನು ಅವರು ಪರಿಷ್ಕರಿಸಿ ಪ್ರಕಟಿಸಿದಾಗ ಅದು ಅಶ್ಲೀಲವೆಂದು ಸರ್ಕಾರ ಅದಕ್ಕೆ ನಿಷೇಧ ಹಾಕಿತು. ಇಂಥ ಶೃಂಗಾರವನ್ನು ಗಂಡಸು ಬರೆದರೆ ಕಾವ್ಯ, ಹೆಂಗಸು ಬರೆದರೆ ಅಶ್ಲೀಲವೇ ಎಂಬುದು ಅವರ ವಾದವಾಗಿತ್ತು.

ಇತ್ತ ಅವರು ಹುಟ್ಟಿದ ಸೀಮೆಯಲ್ಲಿ 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ದಾಸಿಯರು ಮನವಿ ಸಲ್ಲಿಸಿದರೂ ಫಲ ಕಾಣಲಿಲ್ಲ. ಒಂದು ಊರಿನ ಕೆಲವೇ ಹೆಂಗಸರ ಕೂಗು ಅಷ್ಟು ದೂರ ಹೋಗುವಂತಿರಲಿಲ್ಲ.

1927ರಲ್ಲಿ ಮದರಾಸು ಶಾಸನಸಭೆಯಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಇದೇ ಪ್ರಶ್ನೆಯನ್ನು ಎತ್ತಿದಾಗ ದಾಸಿಯರು ಒಬ್ಬೊಬ್ಬರಾಗಿ ನಿಲ್ಲದೆ ಸಂಘ ಕಟ್ಟಿದರು. ಮದರಾಸು ಪ್ರಾಂತದ ದೇವದಾಸಿಯರ ಸಂಘದ ಮುಂಚೂಣಿಯಲ್ಲಿ ನಾಗರತ್ನಮ್ಮನವರಿದ್ದರು. ದೇವದಾಸಿ ಎಂದರೆ ವೇಶ್ಯೆ ಎಂಬ ಅರ್ಥ ಸಲ್ಲದು, ನಮ್ಮದು ಸಂಗೀತ ನಾಟ್ಯಗಳ ಕಸುಬು, ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕುಂಟು, ನಮಗೆ ಬೇಕಾದದ್ದು ನಿಷೇಧವಲ್ಲ, ವಿದ್ಯೆ ಎಂಬುದು ಸಂಘದ ಮನವಿಯ ಸಾರಾಂಶ.

ಈ ವ್ಯಾಜ್ಯದಲ್ಲಿ ಒಂದು ಕಡೆಗೆ ಪೂರ್ತಿ ವಾಲಿಬಿಡುವುದು ನನಗೆ ಸುಲಭವಾಗಿ ತೋರುವುದಿಲ್ಲ. ಮುತ್ತುಲಕ್ಷ್ಮಿಯವರು ಹೊರಗೆ ನಿಂತು ಉಪದೇಶ ಮಾಡಿದವರಲ್ಲ. ಅವರ ತಾಯಿಯೂ ಅದೇ ಕುಲದಲ್ಲಿ ಹುಟ್ಟಿದವರು. ತಿಳಿವಳಿಕೆ ಬರುವ ಮೊದಲೇ ದೇವರ ಹೆಸರಿನಲ್ಲಿ ಒಪ್ಪಿಸಲ್ಪಡುತ್ತಿದ್ದ ಹುಡುಗಿಯರ ಕಡೆಯಿಂದ ಅವರು ಮಾತನಾಡುತ್ತಿದ್ದರು. ಆ ಮಕ್ಕಳಿಗೆ ಸಂಘದ ಮನವಿಯಲ್ಲಿ ಸಮರ್ಪಕವಾದ ಉತ್ತರವಿರಲಿಲ್ಲ. ಕಾನೂನಿನಲ್ಲಾದರೋ ಕಲಿತ ಕಸುಬನ್ನೇ ನಂಬಿದ್ದ ಹಿರಿಯ ಹೆಂಗಸಿನ ನಾಳಿನ ಅನ್ನಕ್ಕೆ ಉತ್ತರವಿರಲಿಲ್ಲ. 1929ರ ತಿದ್ದುಪಡಿ ಅವರ ಇನಾಮು ಭೂಮಿಯನ್ನು ದೇವಾಲಯದ ಸೇವೆಯ ಕಟ್ಟಿನಿಂದ ಬಿಡಿಸಿತು. 1947ರಲ್ಲಿ ಮದರಾಸಿನಲ್ಲಿ ಸಮರ್ಪಣೆಯೇ ನಿಷಿದ್ಧವಾಯಿತು. ಕರ್ನಾಟಕದಲ್ಲಿ ಅಂಥ ಶಾಸನ ಬಂದದ್ದು 1982ರಲ್ಲಿ. ಸಂಘ ಸೋತಿತು. ಸೋಲಬೇಕಾಗಿದ್ದ ಅಂಶವೂ ಅದರಲ್ಲಿತ್ತು, ಸೋಲಬಾರದಾಗಿದ್ದ ಅಂಶವೂ ಇತ್ತು.

ಸೋಲಬಾರದಾಗಿದ್ದ ಆ ಎರಡನೆಯದನ್ನು ನಾಗರತ್ನಮ್ಮನವರು ಕೈಬಿಡಲಿಲ್ಲ. ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ಸಮಾಧಿಗೆ ತಮ್ಮ ಗಳಿಕೆಯಿಂದ ಗುಡಿ ಕಟ್ಟಿಸಿ 1926ರಲ್ಲಿ ಕುಂಭಾಭಿಷೇಕ ಮಾಡಿಸಿದ್ದರು. ಆದರೂ ಆರಾಧನೆ ನಡೆಸುತ್ತಿದ್ದ ಗಂಡಸರ ಎರಡು ಬಣಗಳೂ ಹೆಂಗಸರನ್ನು ಹಾಡಗೊಡಲಿಲ್ಲ. ಗುಡಿ ಕಟ್ಟಿಸಿದವಳಿಗೆ ಗುಡಿಯ ಮುಂದೆ ಹಾಡುವ ಹಕ್ಕಿಲ್ಲ! ಅವರು ಮೊರೆಯಿಡುತ್ತ ಕೂರಲಿಲ್ಲ. 1927ರಲ್ಲಿ ಕಲಾವಿದೆಯರನ್ನು ಕೂಡಿಸಿ, ಗುಡಿಯ ಹಿಂಭಾಗದಲ್ಲಿ ಹೆಂಗಸರದೇ ಆರಾಧನೆಯನ್ನು ಆರಂಭಿಸಿದರು. ಅದು ಹೆಂಗಸರ ಕಕ್ಷಿ ಎಂದೇ ಹೆಸರಾಯಿತು. 1940ರ ಹೊತ್ತಿಗೆ ಬಣಗಳು ಒಂದಾದಾಗ ಗಂಡಸರಿಗೆ ಆ ಕಕ್ಷಿಯನ್ನು ಬಿಟ್ಟು ಒಂದಾಗುವುದು ಸಾಧ್ಯವಾಗಲಿಲ್ಲ. ಸಂಘಬಲವೆಂದರೆ ಇದೇ ಅಲ್ಲವೆ? ಮುಷ್ಕರವೆಂದರೆ ಕೆಲಸ ನಿಲ್ಲಿಸುವುದೆಂದು ನಾವು ಬಲ್ಲೆವು. ಇವರು ಹಾಡನ್ನು ನಿಲ್ಲಿಸದೆಯೇ ಗೆದ್ದರು.

ಹೀಗೆ ಗೆದ್ದದ್ದು ತಮ್ಮ ಕಾಲದೊಂದಿಗೇ ಮುಗಿದುಹೋದೀತೆಂಬ ಅಂಜಿಕೆ ಅವರಿಗಿದ್ದಿರಬೇಕು. 1949ರಲ್ಲಿ ಉಯಿಲು ಬರೆದು ತಮ್ಮ ಆಸ್ತಿಯನ್ನು ಸಮಾಧಿಯ ಸೇವೆಗೆಂದು ಧರ್ಮದರ್ಶಿಗಳಿಗೆ ಒಪ್ಪಿಸಿದರು. ಅದರೊಂದಿಗೆ ಒಂದು ಷರತ್ತನ್ನೂ ಹಾಕಿದರು: ದೇವದಾಸಿಯರೂ ಸೇರಿದಂತೆ ಹೆಂಗಸರಿಗೆ ಅಲ್ಲಿ ಸೇವೆ ಸಲ್ಲಿಸುವ ಪೂರ್ಣ ಹಕ್ಕು ಇರತಕ್ಕದ್ದು. 1952ರಲ್ಲಿ ಅವರು ಕಣ್ಮುಚ್ಚಿದರು. ಸಾಮಾನ್ಯವಾಗಿ ಸಂಘದ ಬೇಡಿಕೆಗಳು ಮಾಲೀಕರೊಡನೆ ಮಾಡಿಕೊಂಡ ಕರಾರಿನಲ್ಲಿ ಉಳಿಯುತ್ತವೆ. ನಾಗರತ್ನಮ್ಮನವರ ಬೇಡಿಕೆ ಅವರದೇ ಉಯಿಲಿನಲ್ಲಿ, ಅವರದೇ ದುಡಿಮೆಯ ಹಣದ ಭದ್ರತೆಯೊಂದಿಗೆ ಉಳಿಯಿತು.